ಓಡಿದ ದಿನದ ಲೆಕ್ಕ ಎಲ್ಲರೂ ಹೇಳಿದರು, ನಿಂತ ದಿನದ್ದು ಯಾರೂ ಹೇಳಲಿಲ್ಲ

ಹಾಸನದಲ್ಲಿ ಒಂಬತ್ತು ವರ್ಷ ಬೇರೆಯವರ ಲಾರಿ ಓಡಿಸಿ, 2022ರ ಸೆಪ್ಟೆಂಬರಿನಲ್ಲಿ ನನ್ನದೇ ಒಂದು ಗಾಡಿ ತಗೊಂಡೆ. ಆರು ಚಕ್ರದ್ದು, 2017ರ ಮಾಡೆಲ್, ಸೆಕೆಂಡ್ ಹ್ಯಾಂಡ್. ಹೊಸ ಗಾಡಿಯ ಆಸೆ ಇರಲಿಲ್ಲ ಅಂತಲ್ಲ, ಆದರೆ ಹೊಸ ಹೊಗೆ ನಿಯಮದ ಬಿಎಸ್6 ಗಾಡಿಯ ಕಂತು ನನ್ನ ಕೈಗೆ ಎಟಕುವ ಹಾಗಿರಲಿಲ್ಲ. ಹಳೆಯದಾದರೆ ನಮ್ಮೂರ ಮೆಕ್ಯಾನಿಕ್ಕೇ ಬಿಚ್ಚಿ ಜೋಡಿಸುತ್ತಾನೆ. 11 ಲಕ್ಷಕ್ಕೆ ಮಾತಾಯಿತು. ಹೆಂಡತಿಯ ಒಡವೆಯೂ ಸೇರಿ ಕೈಯಿಂದ ಮೂರೂವರೆ ಲಕ್ಷ, ಉಳಿದ ಏಳೂವರೆ ಲಕ್ಷ ಫೈನಾನ್ಸು. 36 ಕಂತು, ತಿಂಗಳಿಗೆ 25,640.

ಗಾಡಿ ನೋಡೋದರಲ್ಲಿ ನಾನು ಮೋಸ ಹೋಗಲಿಲ್ಲ. ಮಾರುವವರು ನಾವು ಹೋಗುವ ಹೊತ್ತಿಗೆ ಇಂಜಿನ್ ಬಿಸಿ ಮಾಡಿ ಇಟ್ಟಿರುತ್ತಾರೆ, ಅದಕ್ಕೇ ಬೆಳಿಗ್ಗೆ ಆರಕ್ಕೆ ಹೇಳದೆ ಹೋಗಿ ನಿಂತೆ. ಇಂಜಿನ್ ಮುಟ್ಟಿದೆ, ತಣ್ಣಗಿತ್ತು. ಸ್ಟಾರ್ಟ್ ಮಾಡಿಸಿ ಆಯಿಲ್ ಮುಚ್ಚಳ ತೆಗೆದು ನೋಡಿದೆ, ಹೊಗೆ ಬರಲಿಲ್ಲ. ಚಾಸಿ ಕೆಳಗೆ ಮಲಗಿ ಟಾರ್ಚ್ ಹಾಕಿ ವೆಲ್ಡಿಂಗ್ ಗುರುತು ಹುಡುಕಿದೆ. ಇಷ್ಟೆಲ್ಲ ಮಾಡಿದವನು ಕಾಗದದ ಕಡೆ ಸರಿಯಾಗಿ ನೋಡಲೇ ಇಲ್ಲ ನೋಡಿ! ಹಳೆಯ ಮಾಲೀಕರದ್ದು ಒಂದು ಕ್ವಾರ್ಟರ್ ಟ್ಯಾಕ್ಸ್ ಬಾಕಿ, ಮೇಲೆ ಚಲನ್‌ಗಳು. ಹೆಸರು ಬದಲಾಯಿಸಲು ಹೋದಾಗ ಗೊತ್ತಾಯಿತು. ಅಷ್ಟೊತ್ತಿಗೆ ದುಡ್ಡು ಕೊಟ್ಟಾಗಿತ್ತು, 14 ಸಾವಿರ ನಾನೇ ಕಟ್ಟಿದೆ. ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿ ನೋಡಿದ್ದರೆ ಐದು ನಿಮಿಷದ ಕೆಲಸ. ಗಾಡಿ ಮೇಲೆ ಹಿಂದಿನ ಸಾಲ ಇದ್ದರೆ ಅದು ತೀರಿದೆ ಅಂತ ಸಾಲ ಕೊಟ್ಟವರು ಕೊಡುವ ಎನ್‌ಒಸಿ ಕಾಗದ ಕೈಗೆ ಬರೋವರೆಗೂ ಪೂರ್ತಿ ದುಡ್ಡು ಕೊಡಲೇಬೇಡಿ.

ನ್ಯಾಷನಲ್ ಪರ್ಮಿಟ್ ಮಾಡಿಸು ಅಂತ ಸುಮಾರು ಜನ ಹೇಳಿದರು. ವರ್ಷಕ್ಕೆ 16,500 ಅದಕ್ಕೇ ಬೇಕು. ನನ್ನ ಲೋಡೆಲ್ಲ ಮಂಗಳೂರು, ಬೆಂಗಳೂರು. ರಾಜ್ಯದ ಪರ್ಮಿಟ್ಟೇ ಸಾಕಾಯಿತು.

ಈಗ ಮೊದಲ ಟ್ರಿಪ್ಪಿನ ಕತೆ. ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ನಿಂದ 10 ಟನ್ ಕಾಫಿ, ಮಂಗಳೂರಿಗೆ, ಟನ್ನಿಗೆ 1,100. ಶನಿವಾರ ಬೆಳಿಗ್ಗೆ ಪೂಜೆ ಮಾಡಿ, ಟೈರಿಗೆ ನಿಂಬೆಹಣ್ಣು ಇಟ್ಟು ಹೊರಟೆ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿದು ಸಂಜೆಗೆ ಹೋಗಿ ಸೇರಿದೆ. ಭಾನುವಾರ ಗೋಡೌನ್ ರಜ. ಸೋಮವಾರ ಮಧ್ಯಾಹ್ನ ಮೂಟೆ ಇಳಿಸಿದರು. ಆಮೇಲೆ ಮಂಗಳೂರು ಬಂದರಿನ ಹತ್ತಿರ ಪಣಂಬೂರಿನಲ್ಲಿ ರಿಟರ್ನ್ ಲೋಡಿಗೆ ಕಾದೆ. ಬ್ರೋಕರ್ ಕೇಳಿದಾಗೆಲ್ಲ ಒಂದೇ ಮಾತು, 'ನಾಳೆ ಗೊಬ್ಬರ ಉಂಟು ಮಾರಾಯ್ರೆ, ಸ್ವಲ್ಪ ನಿಲ್ಲಿ.' ಬುಧವಾರ ಸಿಕ್ಕಿತು, ಟನ್ನಿಗೆ 800. ಗುರುವಾರ ಹಾಸನದಲ್ಲಿ ಇಳಿಸಿದೆ. ಒಟ್ಟು 19 ಸಾವಿರ ಬಾಡಿಗೆ! ಮನೆಗೆ ಬಂದು ಖುಷಿಯಿಂದಲೇ ಹೇಳಿದೆ.

ಹೆಂಡತಿ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಳು. ಡೀಸೆಲ್ 6,650. ಟೋಲು, ಹಮಾಲಿ, ಕಮಿಷನ್, ಊಟ ಎಲ್ಲ ಸೇರಿ 4,050. ಉಳಿದಿದ್ದು 8,300. ಸರಿ ಅಂದೆ. ಅವಳು ಪೆನ್ನು ಕೆಳಗಿಡಲಿಲ್ಲ. ತಿಂಗಳ ಕಂತು 25,640, ಇನ್ಶೂರೆನ್ಸ್ ವರ್ಷಕ್ಕೆ 60 ಸಾವಿರ ಅಂದರೆ ತಿಂಗಳಿಗೆ ಐದು, ಟ್ಯಾಕ್ಸ್, ಪರ್ಮಿಟ್, ಎಫ್‌ಸಿಗೆ (ಗಾಡಿ ಫಿಟ್ ಇದೆ ಅನ್ನೋ ಸರ್ಟಿಫಿಕೇಟಿಗೆ) ಮೂರು ಅಂತ ಹಾಕಿ 33,640 ಮಾಡಿ, 30ರಿಂದ ಭಾಗಿಸಿದಳು. ದಿನಕ್ಕೆ 1,121. ಗಾಡಿ ಓಡಲಿ, ನಿಲ್ಲಲಿ. ಆರು ದಿನಕ್ಕೆ 6,726. 'ನಿಮ್ಗೆ ಸಿಕ್ಕಿದ್ದು 1,574 ಕಣ್ರೀ' ಅಂದಳು. ಡ್ರೈವರ್ ಆಗಿದ್ದಾಗ ಆರು ದಿನದ ಬಾಟಾನೇ (ದಿನದ ಖರ್ಚಿಗೆ ಕೊಡೋ ದುಡ್ಡು) ಇದಕ್ಕಿಂತ ಜಾಸ್ತಿ ಬರ್ತಿತ್ತು. ಟೈರ್ ಸವೆದಿದ್ದನ್ನು ಇನ್ನೂ ಸೇರಿಸಿರಲಿಲ್ಲ.

ಆ ಹಾಳೆ ಈಗಲೂ ಗಾಡಿಯಲ್ಲಿದೆ. ಅವತ್ತಿಂದ ಶನಿವಾರ ಮಂಗಳೂರಿಗೆ ಹೊರಟಿಲ್ಲ. ಆಗ ಖಾಲಿ ಬಂದರೆ ನನಗೆ ಡೀಸೆಲ್ ಸುಮಾರು 2,300 ಆಗುತ್ತಿತ್ತು. ಎರಡು ದಿನ ಕಾದರೂ ಹೆಚ್ಚು ಕಡಿಮೆ ಅಷ್ಟೇ ಹೋಗುತ್ತಿತ್ತು, ಊಟ ಬೇರೆ. ಹಾಗಾಗಿ ಒಂದು ರಾತ್ರಿ ಕಾಯುತ್ತೇನೆ. ಮಾರನೇ ದಿನ ಮಧ್ಯಾಹ್ನದೊಳಗೆ ಲೋಡ್ ಪಕ್ಕಾ ಆಗದಿದ್ದರೆ, ಹಾಸನದಲ್ಲಿ ಇನ್ನೊಂದು ಲೋಡ್ ಇದೆಯಾ ಅಂತ ಫೋನ್ ಮಾಡಿ, ಇದ್ದರೆ ಖಾಲಿಯೇ ಎದ್ದು ಬರುತ್ತೇನೆ. ಬೇರೆ ಡ್ರೈವರ್‌ಗಳು ನಗುತ್ತಾರೆ. ನಗಲಿ ಬಿಡಿ.

ಇಳಿಸೋದು ತಡವಾಗಿ ಗಾಡಿ ನಿಂತರೆ ಕೊಡಬೇಕಾದ ಹಾಲ್ಟಿಂಗ್ ದುಡ್ಡನ್ನೂ ಲೋಡ್ ಹತ್ತೋ ಮುಂಚೆಯೇ ಮಾತಾಡಿ ಎಲ್‌ಆರ್ (ಲೋಡಿನ ರಸೀದಿ) ಮೇಲೆ ಬರೆಸುತ್ತೇನೆ. ಇಳಿಸಿದ ಮೇಲೆ ಕೇಳಿದರೆ ಯಾರು ಕೊಡ್ತಾರೆ?

ಇನ್ನೊಂದು ಪಾಠ ಟಾರ್ಪಾಲಿನದು. ಮೊದಲ ಮಳೆಗಾಲದಲ್ಲಿ ಮೂರು ಮೂಟೆ ನೆಂದು, ಮಾಲಿನ ಪಾರ್ಟಿ ಅದರ ದುಡ್ಡನ್ನು ಬಾಡಿಗೆಯಲ್ಲೇ ಹಿಡಿದುಕೊಂಡರು. ಹೊರಗಿಂದ ನೋಡಿದರೆ ಟಾರ್ಪಾಲು ಚೆನ್ನಾಗೇ ಇತ್ತು. ಈಗ ಮಟಮಟ ಮಧ್ಯಾಹ್ನ ಖಾಲಿ ಗಾಡಿಗೆ ಟಾರ್ಪಾಲು ಎಳೆದು ಕಟ್ಟಿ, ಒಳಗೆ ಹೋಗಿ ಮಲಗಿಕೊಂಡು ಮೇಲೆ ನೋಡುತ್ತೇನೆ. ಸೂಜಿಮೊನೆಯಷ್ಟು ತೂತಿದ್ದರೂ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಅಲ್ಲಲ್ಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿ ತೇಪೆ ಹಾಕಿಸುತ್ತೇನೆ. ಒಳಗೆ ಸೆಕೆ ತಡೆಯಕ್ಕಾಗಲ್ಲ, ಬನಿಯನ್ನೆಲ್ಲ ಒದ್ದೆ. ಆದರೂ ಮೇ ತಿಂಗಳಲ್ಲಿ ತಪ್ಪಿಸೋದಿಲ್ಲ.

ಓವರ್‌ಲೋಡ್ ಬಗ್ಗೆ ಜಾಸ್ತಿ ಹೇಳೋದಿಲ್ಲ. 'ಇನ್ನು ಹತ್ತು ಮೂಟೆ ಹಾಕ್ಕೊಳ್ಳಿ ಅಣ್ಣ' ಅನ್ನುತ್ತಾರೆ. ಸಿಕ್ಕಿಬಿದ್ದರೆ ದಂಡ 20 ಸಾವಿರ, ಹೆಚ್ಚಿನ ಪ್ರತಿ ಟನ್ನಿಗೆ 2 ಸಾವಿರ ಬೇರೆ, ಅದನ್ನು ಕಟ್ಟೋದು ಅವರಲ್ಲ. ಶಿರಾಡಿ ಇಳಿಯುವಾಗ ಬ್ರೇಕ್ ಲೈನರ್ ಸುಟ್ಟ ವಾಸನೆ ಬಂದರೆ ಎದೆ ಹೊಡೆದುಕೊಳ್ಳೋದೂ ನಮ್ಮದೇ. ಹತ್ತೋ ಗೇರಿನಲ್ಲೇ ಇಳೀಬೇಕು ಅಂತ ನನ್ನ ಹಳೆಯ ಮಾಲೀಕರು ಕಲಿಸಿದ್ದರು, ಅದನ್ನು ಬಿಟ್ಟಿಲ್ಲ.

ತೆರಿಗೆಯಲ್ಲೂ ಸ್ವಲ್ಪ ದಿನ ಸುಮ್ನೆ ಕಳಕೊಂಡೆ. ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನವರು ಪ್ರತಿ ಬಾಡಿಗೆಯಲ್ಲೂ ಟಿಡಿಎಸ್ ಅಂತ ಆದಾಯ ತೆರಿಗೆ ಹಿಡಿಯುತ್ತಿದ್ದರು. ಹತ್ತು ಗಾಡಿ ಮೀರದ ಮಾಲೀಕರು ಪ್ಯಾನ್ ನಂಬರ್ ಜೊತೆ ಬರಹದಲ್ಲಿ ಡಿಕ್ಲರೇಷನ್ ಕೊಟ್ಟರೆ ಹಿಡಿಯುವಂತಿಲ್ಲ ಅಂತ ಆಡಿಟರ್ ಹೇಳಿದ ಮೇಲೆ, ಈಗ ಯಾವುದೇ ಹೊಸ ಆಫೀಸಿಗೆ ಹೋದರೂ ಮೊದಲು ಆ ಕಾಗದ ಕೊಡುತ್ತೇನೆ.

ಮಳೆಗಾಲ ಬಂದರೆ ಶಿರಾಡಿಯನ್ನು ನಂಬೋ ಹಾಗಿಲ್ಲ. ಗುಡ್ಡ ಕುಸಿದರೆ ಸಕಲೇಶಪುರದಿಂದಲೇ ಲಾರಿಗಳು ಸಾಲು ನಿಲ್ಲುತ್ತವೆ, ಪಕ್ಕದ ಚಾರ್ಮಾಡಿ ಘಾಟಿಯಲ್ಲಿ ದೊಡ್ಡ ಲಾರಿ ಬಿಡೋದಿಲ್ಲ. ಒಂದು ಸಲ ಆ ಸಾಲಿನಲ್ಲಿ ಮೂರು ದಿನ ಕೂತು ಹಾಳೆ ತೆಗೆದು 1,121ನ್ನು ಮೂರರಿಂದ ಗುಣಿಸಿದ್ದೇನೆ. ಈಗ ಜುಲೈ ಬಂತಂದರೆ ಘಟ್ಟದ ಲೋಡ್ ಒಪ್ಪೋದೇ ಇಲ್ಲ, ಬಾಡಿಗೆ ಎಷ್ಟೇ ಏರಿಸಲಿ. ಬೆಂಗಳೂರು ಲೈನು. ಆಗಸ್ಟಿನಲ್ಲಿ ಎಪಿಎಂಸಿಗೆ ಆಲೂಗಡ್ಡೆ ಬರೋಕೆ ಶುರುವಾದರೆ ಯಶವಂತಪುರಕ್ಕೆ ಲೋಡ್ ಸಿಗುತ್ತದೆ. ಬಾಡಿಗೆ ಕಡಿಮೆ, ಆದರೆ ರಾತ್ರಿ ಹೋಗಿ ಬೆಳಿಗ್ಗೆ ಇಳಿಸಿದರೆ ಸಂಜೆಗೆ ಮನೆ.

ಕಂತು 2025ರಲ್ಲಿ ಮುಗಿಯಿತು. ಎನ್‌ಒಸಿ ತಂದು ಆರ್‌ಸಿಯಿಂದ ಫೈನಾನ್ಸ್ ಹೆಸರು ತೆಗೆಸಿದೆ. ಹೆಂಡತಿ ಅದೇ ಹಾಳೆಯಲ್ಲಿ 25,640ಕ್ಕೆ ಗೀಟು ಹಾಕಿ, ಪಕ್ಕದಲ್ಲಿ 'ಟೈರು' ಅಂತ ಬರೆದಳು.