ಸೈಟಿನಿಂದ ಹೊರಬೀಳುವ ರಾಡಿ ನೀರಿನ ಜಾಡು ಹಿಡಿದು

ಕೊಪ್ಪಳ, ಬಳ್ಳಾರಿ ಕಡೆ ಲೇಔಟ್, ರಸ್ತೆ, ಗೋದಾಮು ಕಟ್ಟುವ ಜಾಗದಲ್ಲಿ ಮಳೆಗೆ ಮಣ್ಣು ಕೊಚ್ಚಿಹೋಗದ ಹಾಗೆ ಮಾಡಿದ ಏರ್ಪಾಡು ಸರಿಯಿದೆಯಾ ಅಂತ ನೋಡುವುದು ನನ್ನ ಕೆಲಸ. ನಾನು ಗೇಟಿನಿಂದ ಶುರು ಮಾಡುವುದಿಲ್ಲ. ಸೈಟಿನ ನೀರು ಎಲ್ಲಿ ಹೊರಬೀಳುತ್ತದೋ ಅಲ್ಲಿಗೆ ಮೊದಲು ಹೋಗುತ್ತೇನೆ. ಅದು ರಸ್ತೆಯ ಮೋರಿ ಇರಬಹುದು, ಪಕ್ಕದ ಹೊಲದ ಬದು ಇರಬಹುದು. ಅಲ್ಲಿ ಹೊಸ ಮಣ್ಣು ಕೂತಿದ್ದರೆ ಮೇಲೆಲ್ಲೋ ಏನೋ ಕೈಕೊಟ್ಟಿದೆ ಅಂತ ಅರ್ಥ. ಆ ಜಾಡು ಹಿಡಿದು ನೀರಿಗೆ ಎದುರಾಗಿ ನಡೆದರೆ ಕೆಟ್ಟ ಜಾಗ ತಾನಾಗಿ ಸಿಗುತ್ತದೆ.

ನಮ್ಮ ಕಡೆ ಮಳೆಯೇ ಇಲ್ಲ, ಇದೆಲ್ಲ ಯಾಕೆ ಅನ್ನುವವರು ಬಹಳ. ಮಳೆ ಕಡಿಮೆ ನಿಜ, ಆದರೆ ಬಂದರೆ ಒಂದೆರಡು ತಾಸಿನಲ್ಲಿ ಸುರಿದು ಹೋಗುತ್ತದೆ. ಎರೆ ಮಣ್ಣಿನ, ಅಂದರೆ ಕಪ್ಪು ಜಿಗುಟು ಮಣ್ಣಿನ ಗುಣವನ್ನೂ ನೋಡಬೇಕು. ಬೇಸಿಗೆಯಲ್ಲಿ ಬಿರುಕು ಬಿಟ್ಟಿರುತ್ತದೆ, ಮೊದಲ ಮಳೆಯ ನೀರೆಲ್ಲ ಆ ಬಿರುಕಿಗೇ ಇಳಿಯುತ್ತದೆ, ಹೊರಗೆ ಏನೂ ಹರಿಯುವುದಿಲ್ಲ, ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ಆಮೇಲೆ ಮಣ್ಣು ಉಬ್ಬಿ ಬಿರುಕು ಮುಚ್ಚುತ್ತದೆ. ಉತ್ತರೆ, ಹಸ್ತ ಮಳೆ ಬರುವ ಹೊತ್ತಿಗೆ ಬಿದ್ದ ನೀರಲ್ಲಿ ಬಹುಪಾಲು ಮೇಲೆಯೇ ಹರಿಯುತ್ತದೆ. ಅದಕ್ಕೇ ಜೂನ್‌ನಲ್ಲಿ ನೋಡಿ ಸರಿ ಅಂದದ್ದನ್ನು ಸೆಪ್ಟೆಂಬರ್‌ಗೆ ನಾನು ನಂಬುವುದಿಲ್ಲ. ದೊಡ್ಡ ಮಳೆ ನಿಂತ ಮೇಲೆ ಒಂದು ದಿನದೊಳಗೆ ಹೋಗಲೇಬೇಕು. ತಡ ಮಾಡಿದರೆ ಜೆಸಿಬಿ ಓಡಾಡಿ ಗುರುತೆಲ್ಲ ಅಳಿಸಿರುತ್ತದೆ.

ಹೆಚ್ಚು ಕೆಡುವುದು ಸಿಲ್ಟ್ ಫೆನ್ಸ್, ಅಂದರೆ ಹೂಳು ತಡೆಯಲು ಗೂಟಕ್ಕೆ ಕಟ್ಟುವ ಬಟ್ಟೆ. "ಸರ್, ಬಟ್ಟಿ ಕಟ್ಟೀವಲ್ರೀ, ಮತ್ತೇನ್ರಿ?" ಅಂತಾರೆ ಮೇಸ್ತ್ರಿ. "ಅಣ್ಣಾ, ಬಟ್ಟೆ ಇದೆ, ನೀರು ಅದರ ಕೆಳಗಿಂದ ಹೋಗಿದೆ ನೋಡು" ಅಂತ ಬಗ್ಗಿ ತೋರಿಸುತ್ತೇನೆ. ಆರು ಇಂಚು ಆಳ ಕಾಲುವೆ ತೆಗೆದು, ಬಟ್ಟೆಯ ಅಂಚನ್ನು ಅದರೊಳಗೆ ಇಳಿಸಿ, ಮಣ್ಣು ತುಂಬಿ ದಮ್ಮಸ್ಸು ಮಾಡಿರಬೇಕು. ಗೂಟಗಳು ಇಳಿಜಾರಿನ ಕೆಳಬದಿಗೆ ಇರಬೇಕು, ಎರಡೂ ತುದಿ ಸ್ವಲ್ಪ ಮೇಲಕ್ಕೆ ತಿರುಗಿರಬೇಕು, ಇಲ್ಲದಿದ್ದರೆ ನೀರು ಪಕ್ಕದಿಂದ ಸುತ್ತಿಕೊಂಡು ಹೋಗುತ್ತದೆ. ಹೂಳು ಬಟ್ಟೆಯ ಎತ್ತರದ ಮೂರರಲ್ಲಿ ಒಂದು ಭಾಗಕ್ಕೆ ಬಂದರೆ ತೆಗೆಸುತ್ತೇನೆ. ನೀರು ಒಂದೇ ಕಡೆ ಜೋರಾಗಿ ನುಗ್ಗುವ ಕಾಲುವೆಗೆ ಅಡ್ಡ ಇದನ್ನು ಕಟ್ಟಲೇಬಾರದು. ಅಲ್ಲಿ ಕಲ್ಲಿನ ಒಡ್ಡು ಬೇಕು. ಒಡ್ಡಿನ ನಡುಭಾಗ ಎರಡೂ ಬದಿಗಿಂತ ತಗ್ಗಿರಬೇಕು, ನೀರು ನಡುವೆಯೇ ಇಳಿಯಲಿ. ನಡು ಎತ್ತರವಾದರೆ ನೀರು ಬದಿಗೆ ಸರಿದು ಕಾಲುವೆಯ ದಂಡೆಯನ್ನೇ ಕೊರೆಯುತ್ತದೆ.

ಹೂಳು ಇಳಿಯುವ ಗುಂಡಿ ಅರ್ಧ ತುಂಬಿದರೆ ಖಾಲಿ ಮಾಡಿಸುತ್ತೇನೆ. ಜೊತೆಗೆ ಒಂದು ಬಾಟಲಿಯಲ್ಲಿ ಅಲ್ಲಿನ ನೀರು ತುಂಬಿ ಇಡುತ್ತೇನೆ. ಮಸಾರಿ, ಅಂದರೆ ಕೆಂಪು ಮಣ್ಣಿನ ಭೂಮಿಯ ಮರಳು ಬೇಗ ತಳ ಸೇರುತ್ತದೆ. ಎರೆಯ ಜಿಗುಟು ಮಾತ್ರ ಮರುದಿನವೂ ಚಹಾದ ಹಾಗೆ ಬಣ್ಣ ಬಿಡದೆ ನಿಂತಿರುತ್ತದೆ. ಅಂಥ ಕಡೆ ಗುಂಡಿ ಎಷ್ಟು ದೊಡ್ಡದು ಮಾಡಿದರೂ ಪೂರ್ತಿ ಉಪಯೋಗವಿಲ್ಲ, ಮಣ್ಣು ಏಳದ ಹಾಗೆ ಮೇಲೆಯೇ ಮುಚ್ಚಬೇಕು. ಗಂಗಾವತಿ ಕಡೆ ಕೊಯ್ಲಾದ ಮೇಲೆ ಭತ್ತದ ಹುಲ್ಲು ಬೇಕಾದಷ್ಟು ಸಿಗುತ್ತದೆ ಅಲ್ವಾ? ಅದನ್ನು ಮೊದಲೇ ತರಿಸಿ ಒಟ್ಟಿಟ್ಟುಕೊಂಡು, ಕೆಲಸ ನಿಂತ ಇಳಿಜಾರಿನ ಮೇಲೆ ಹರಡಿ ಹಗ್ಗ ಎಳೆದು ಕಟ್ಟಿಸುವುದು ನನಗೆ ಚೆನ್ನಾಗಿ ಒದಗಿದೆ. ಒಮ್ಮೆಲೇ ಇಡೀ ಜಾಗ ಅಗೆಯದೆ, ಬೇಕಾದಷ್ಟೇ ಅಗೆದರೆ ಇನ್ನೂ ಒಳ್ಳೆಯದು.

ಟಿಪ್ಪರ್ ಹೊರಡುವ ದಾರಿಗೆ ದಪ್ಪ ಜಲ್ಲಿ ಹಾಕಿಸಿ, ಅದು ಮಣ್ಣಲ್ಲಿ ಹೂತರೆ ಮತ್ತೆ ಹಾಕಿಸಬೇಕು. ಕಾಂಕ್ರೀಟ್ ಗಾಡಿ ತೊಳೆದ ನೀರು ಚರಂಡಿಗೆ ಹೋಗಬಾರದು, ಸಿಮೆಂಟಿನ ಕ್ಷಾರ ಹಳ್ಳದ ಮೀನಿಗೆ ಕೆಟ್ಟದ್ದು.

ನಮ್ಮ ಹಳ್ಳಗಳು ಸೇರುವುದು ತುಂಗಭದ್ರೆಗೆ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105 ಟಿಎಂಸಿಗೆ ಬಂದಿದೆ. ಅದೆಲ್ಲ ನಮ್ಮ ಸೈಟುಗಳಿಂದ ಬಂದ ಮಣ್ಣಲ್ಲ, ಆದರೆ ನಾವು ಬಿಟ್ಟ ಮಣ್ಣೂ ಹಳ್ಳ ಹಿಡಿದರೆ ಕೆಳಗೇ ಹೋಗುತ್ತದೆ. ಅದಕ್ಕಿಂತ ಮೊದಲು ಪಕ್ಕದ ರೈತರ ಸಜ್ಜೆ, ಶೇಂಗಾ ಹೊಲದ ಮೇಲೆ ಕೂತುಬಿಡುತ್ತದೆ, ಮೊಳಕೆಯೇ ಮುಚ್ಚಿಹೋಗುತ್ತದೆ. ಇದು ನನಗೆ ಸಂಕಟದ ವಿಷಯ.

ಇಷ್ಟೆಲ್ಲ ಗೊತ್ತಿದ್ದರೂ ಹೂಳು ಯಾಕೆ ತೆಗೆಯುವುದಿಲ್ಲ ಅಂದರೆ, ಬಟ್ಟೆ ಕಟ್ಟುವುದಕ್ಕೆ ಎಸ್ಟಿಮೇಟ್‌ನಲ್ಲಿ ದುಡ್ಡು ಇರುತ್ತದೆ, ಪ್ರತಿ ಮಳೆಗೆ ಅದನ್ನು ಸ್ವಚ್ಛ ಮಾಡುವ ಕೂಲಿಗೆ ಇರುವುದಿಲ್ಲ. ಮೇಸ್ತ್ರಿಯನ್ನು ಬೈದು ಪ್ರಯೋಜನವಿಲ್ಲ. ಹಾಗಾಗಿ ಈಗ ಕೆಲಸ ಶುರುವಾಗುವ ಮೊದಲೇ ಎಸ್ಟಿಮೇಟ್ ತರಿಸಿ, ಹೂಳು ತೆಗೆಯುವ ಆಳುಗಳ ಕೂಲಿಯನ್ನು ಬೇರೆ ಸಾಲಿನಲ್ಲಿ ಬರೆಸುತ್ತೇನೆ, ಮಳೆಗಾಲ ಮುಗಿಯುವವರೆಗೂ.