ಕಲಬುರಗಿ ಬೇಸಿಗೆಯಲ್ಲಿ ಗೇಮಿಂಗ್ ಪಿಸಿ ಕಾದರೆ

ಏಪ್ರಿಲ್ ಬಂತೆಂದರೆ ನನ್ನ ರಿಪೇರಿ ಅಂಗಡಿಯಲ್ಲಿ ಒಂದೇ ದೂರು. "ಅಣ್ಣಾ, ಗೇಮ್ ಹಚ್ಚಿದ ಅರ್ಧ ತಾಸಿಗೇ ಬಂದ್ ಆಗ್ಲಕತ್ತದ. ಹೊಸ ಕೂಲರ್ ಹಾಕಿಬಿಡ್ರಿ."

ಕೂಲರ್ ಆಮೇಲೆ. ಮೊದಲು ರೂಮಿನ ಬಿಸಿ ಎಷ್ಟಿದೆ ಹೇಳಿ. ಇಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ ಮಾಮೂಲಿ. ಮೇಲಿನ ಮಹಡಿಯ ರೂಮು ರಾತ್ರಿಯೂ 37ರ ಹತ್ತಿರವೇ ಇರುತ್ತದೆ. ಫ್ಯಾನ್ ಆಗಲಿ, ಲಿಕ್ವಿಡ್ ಕೂಲರ್ ಆಗಲಿ, ರೂಮಿನ ಗಾಳಿಗಿಂತ ತಣ್ಣಗೆ ಮಾಡಲು ಬರುವುದಿಲ್ಲ. ಯೂಟ್ಯೂಬ್‌ನಲ್ಲಿ 22 ಡಿಗ್ರಿ ಎಸಿಯಲ್ಲಿ ಕೂತವನಿಗೆ 65 ಬಂದರೆ, ಅದೇ ಪಿಸಿ ನಿಮ್ಮ ರೂಮಲ್ಲಿ 80 ತೋರಿಸುತ್ತದೆ. ಅದು ಕೆಟ್ಟಿಲ್ಲ.

ಪಿಸಿಯೊಳಗಿನ ಬಿಸಿ ತೋರಿಸುವ ಎಚ್‌ಡಬ್ಲ್ಯೂಇನ್ಫೋ ಸಾಫ್ಟ್‌ವೇರ್ ಹಾಕಿಕೊಂಡು, ಅರ್ಧ ಗಂಟೆ ಗೇಮ್ ಆಡಿ, ಮ್ಯಾಕ್ಸಿಮಮ್ ಕಾಲಂ ನೋಡಿ. ಸಿಪಿಯು, ಅಂದರೆ ಮುಖ್ಯ ಚಿಪ್, ಇಂಟೆಲ್ ಐ5 12400ಎಫ್ ಆದರೆ ಮಿತಿ 100 ಡಿಗ್ರಿ, ಎಎಂಡಿ ರೈಜೆನ್ 7 7700ಎಕ್ಸ್ ಆದರೆ 95. ಮಿತಿ ಮುಟ್ಟಿದರೆ ಚಿಪ್ ತಾನೇ ಸ್ಪೀಡ್ ಇಳಿಸುತ್ತದೆ, ಗೇಮ್ ತಡವರಿಸುತ್ತದೆ. ಸಿಪಿಯು, ಗ್ರಾಫಿಕ್ಸ್ ಕಾರ್ಡ್ ಎರಡೂ 75-80ರಲ್ಲೇ ಇದ್ದು ಪಿಸಿ ದಿಢೀರ್ ಆಫ್ ಆಗುತ್ತಿದ್ದರೆ ಅನುಮಾನ ಪವರ್ ಸಪ್ಲೈ ಮೇಲೆ, ಇಲ್ಲವೇ ಯುಪಿಎಸ್ ಮೇಲೆ. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅನ್ನುವ ಎರರ್ ನೋಡಿ ಸುಮ್ನೆ ಹೆದರಬೇಡಿ. ಪಿಸಿ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅನ್ನುತ್ತದೆ, ಅಷ್ಟೇ. ಕಾರಣ ಹೇಳುವುದಿಲ್ಲ.

ಈಗ ಕೇಸಿನ (ಪಿಸಿ ಡಬ್ಬದ) ಪಕ್ಕದ ಗಾಜು ಬಿಚ್ಚಿ, ಅದೇ ಗೇಮ್ ಅಷ್ಟೇ ಹೊತ್ತು ಆಡಿ. ಎಂಟು-ಹತ್ತು ಡಿಗ್ರಿ ಇಳಿದರೆ ತೊಂದರೆ ಗಾಳಿಯದು. ಕಂಪ್ಯೂಟರ್ ಟೇಬಲ್‌ನ ಸಿಪಿಯು ಗೂಡಿನಿಂದ ಕೇಸನ್ನು ಹೊರಗಿಡಿ. ಫ್ಯಾನ್‌ಗಳ ದಿಕ್ಕು ನೋಡಿ: ಕಡ್ಡಿಗಳಿರುವ ಕಡೆಯಿಂದ ಗಾಳಿ ಹೊರಬರುತ್ತದೆ. ಮುಂದಿನದು ಒಳಗೆ ಎಳೀಬೇಕು, ಹಿಂದಿನದು ಹೊರಗೆ ದಬ್ಬಬೇಕು. ಆಮೇಲೆ ಧೂಳು. ದಾಲ್ ಮಿಲ್ ಹತ್ತಿರದ ಮನೆಗಳಿಂದ ಬರುವ ಪಿಸಿಗಳಲ್ಲಿ ಹೀಟ್‌ಸಿಂಕ್ (ಕೂಲರ್‌ನ ಲೋಹದ ಪಟ್ಟಿಗಳು) ಮೇಲೆ ಕಂಬಳಿ ಹೊದಿಸಿದ ಹಾಗೆ ಧೂಳು ಕೂತಿರುತ್ತದೆ. ಬ್ರಷ್‌ನಿಂದ ಸಡಿಲ ಮಾಡಿ, ಬ್ಲೋವರ್ ಹೊಡೆಯಿರಿ. ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಿ, ಜೋರಾಗಿ ತಿರುಗಿದರೆ ಬೇರಿಂಗ್ ಹಾಳು.

ಗಾಜು ತೆಗೆದರೂ ಇಳಿಯಲಿಲ್ಲವಾ? ಲೋಡ್ ಕೊಟ್ಟ ಕೆಲವೇ ಸೆಕೆಂಡಿನಲ್ಲಿ ಇಂಟೆಲ್ ಚಿಪ್ 95 ದಾಟುತ್ತಾ? ಹಾಗಾದರೆ ಬಹುಶಃ ಕೂಲರ್ ಸರಿಯಾಗಿ ಕೂತಿಲ್ಲ. ನನ್ನ ಕೈಗೆ ಅತಿ ಜಾಸ್ತಿ ಸಿಗುವ ದೋಷ ಇದೇ. ಇಂಟೆಲ್‌ನ ಡಬ್ಬದ ಜೊತೆ ಬರುವ ಕೂಲರ್‌ಗೆ ನಾಲ್ಕು ಪ್ಲಾಸ್ಟಿಕ್ ಪಿನ್. ತಲೆಯ ಮೇಲಿನ ಬಾಣ ಬಿಚ್ಚುವ ದಿಕ್ಕಿನದು, ಹಾಕುವ ದಿಕ್ಕಿನದಲ್ಲ. ಅದರತ್ತ ತಿರುಗಿಸಿದ್ದರೆ ಪಿನ್ ಹಿಡಿಯುವುದೇ ಇಲ್ಲ. ಎದುರುಬದುರು ಮೂಲೆಗಳನ್ನು ಜೋಡಿಯಾಗಿ ಒತ್ತಿ, 'ಟಕ್' ಅನ್ನಬೇಕು. ನಂತರ ಬೋರ್ಡಿನ ಹಿಂದೆ ಟಾರ್ಚ್ ಬಿಡಿ. ಬಿಳಿ ಕಾಲು ಸೀಳಿಕೊಂಡು, ನಡುವೆ ಕಪ್ಪು ಪಿನ್ ಇಳಿದಿರಬೇಕು. ನಾಲ್ಕರಲ್ಲಿ ಒಂದು ಇಳಿಯದಿದ್ದರೂ ಕೂಲರ್ ಒಂದು ಮೂಲೆಯಲ್ಲಿ ಎದ್ದಿರುತ್ತದೆ. ಲಿಕ್ವಿಡ್ ಕೂಲರ್ ಇದ್ದವರು ಪಂಪ್ ಆರ್‌ಪಿಎಂ (ತಿರುಗುವ ವೇಗ) ಸೊನ್ನೆ ಇದೆಯಾ ನೋಡಿ.

ಕೂಲರ್ ಬಿಚ್ಚಿದ ಮೇಲೆ, ಚಿಪ್ಪಿನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಬಟಾಣಿಗಿಂತ ತುಸು ಸಣ್ಣ ತೊಟ್ಟು ಹೊಸದು ಹಾಕಿ. ಎಎಂ4 ಬೋರ್ಡ್ (ಹಳೇ ರೈಜೆನ್‌ಗಳದು) ಆದರೆ ಕೂಲರನ್ನು ಎಳೆಯಬೇಡಿ, ಸಿಪಿಯು ಸಾಕೆಟ್‌ನಿಂದಲೇ ಕಿತ್ತು ಬರುತ್ತದೆ. ಸ್ವಲ್ಪ ಹೊತ್ತು ಗೇಮ್ ಆಡಿ, ಪೇಸ್ಟ್ ಬಿಸಿಯಾದ ಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ಆಚೀಚೆ ಮೆಲ್ಲಗೆ ತಿರುಗಿಸಿ ಎತ್ತಿ.

ಖರ್ಚಿಲ್ಲದ ಉಪಾಯವೂ ಇದೆ. 60 ಹರ್ಟ್ಜ್ ಮಾನಿಟರ್‌ಗೆ ಸೆಕೆಂಡಿಗೆ 140 ಫ್ರೇಮ್ ಯಾಕೆ? ಮಿತಿಯನ್ನು 60ಕ್ಕೆ ಕಟ್ಟಿ. 7700ಎಕ್ಸ್‌ನಂಥ ಚಿಪ್‌ಗೆ ಬಯಾಸ್‌ನಲ್ಲಿ 65 ವಾಟ್ ಇಕೋ ಮೋಡ್ (ಕರೆಂಟ್ ಕಮ್ಮಿ ಎಳೆಯುವ ಸೆಟ್ಟಿಂಗ್) ಹಾಕಿದರೆ ಗರಿಷ್ಠ ಪವರ್ 142 ವಾಟ್‌ನಿಂದ 88ಕ್ಕೆ ಇಳಿಯುತ್ತದೆ. ಗೇಮಲ್ಲಿ ವ್ಯತ್ಯಾಸ ಗೊತ್ತಾಗುವುದೇ ಕಷ್ಟ.

ಇಷ್ಟಾದರೂ ಮಿತಿ ಮುಟ್ಟಿದರೆ ದೊಡ್ಡ ಕೂಲರ್ ಕೊಳ್ಳಿ, ಬೇಡ ಅನ್ನಲ್ಲ. ಕೊಳ್ಳುವ ಮೊದಲು ನಿಮ್ಮ ಕೇಸ್ ಎಷ್ಟು ಎತ್ತರದ ಕೂಲರ್ ತಗೊಳ್ಳುತ್ತದೆ ನೋಡಿ. 155 ಮಿಲಿಮೀಟರ್ ಕೇಸಿಗೆ 160ರದ್ದು ತಂದರೆ ಗಾಜು ಮುಚ್ಚುವುದಿಲ್ಲ.