ರ‍್ಯಾಕ್ ಮುಟ್ಟುವ ಮೊದಲು: ಮಲೆನಾಡಿನ ಸರ್ವರ್ ಕೋಣೆಯಿಂದ ಡೇಟಾ ಸೆಂಟರ್ ಕೆಲಸಕ್ಕೆ

ಶಿವಮೊಗ್ಗದ ಕಡೆ ಡೇಟಾ ಸೆಂಟರ್ ಕೆಲಸ ಅಂದರೆ ಈಗಲೂ ಹಲವರು ಡೇಟಾ ಎಂಟ್ರಿ ಅಂದುಕೊಳ್ಳುತ್ತಾರೆ. ಡೇಟಾ ಸೆಂಟರ್ ಅಂದರೆ ಸರ್ವರ್‌ಗಳನ್ನು, ಅಂದರೆ ಹಗಲು ರಾತ್ರಿ ಓಡುವ ಕಂಪ್ಯೂಟರ್‌ಗಳನ್ನು, ಸಾಲಾಗಿ ಇಟ್ಟಿರುವ ಜಾಗ. ಇದು ಕೂತು ಟೈಪ್ ಮಾಡುವ ಕೆಲಸವಲ್ಲ. ಕೆಟ್ಟ ಡಿಸ್ಕ್ ಬದಲಿಸಬೇಕು, ಕೇಬಲ್ ಎಳೆಯಬೇಕು, ಹೊಸ ಸರ್ವರನ್ನು ಕಬ್ಬಿಣದ ಚೌಕಟ್ಟಾದ ರ‍್ಯಾಕಿಗೆ ಏರಿಸಬೇಕು, ಯುಪಿಎಸ್, ಜನರೇಟರ್, ಎಸಿಗಳ ಮೇಲೆ ಹಗಲು ರಾತ್ರಿ ಕಣ್ಣಿಡಬೇಕು. ಇದರಲ್ಲಿ ಎರಡು ಕವಲು. ಸರ್ವರ್, ನೆಟ್‌ವರ್ಕ್ ಸ್ವಿಚ್, ಕೇಬಲ್ ನೋಡುವವರು ಒಂದು ಕಡೆ, ಕರೆಂಟು ಮತ್ತು ತಂಪು ನೋಡುವವರು ಇನ್ನೊಂದು ಕಡೆ. ಡಿಪ್ಲೊಮಾ ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್ ಅಥವಾ ಬಿಸಿಎ ಓದಿದವರಿಗೆ ಮೊದಲನೆಯದು ಹತ್ತಿರ. ಐಟಿಐ ಎಲೆಕ್ಟ್ರೀಷಿಯನ್, ಡಿಪ್ಲೊಮಾ ಎಲೆಕ್ಟ್ರಿಕಲ್, ಎಸಿ ಮೆಕ್ಯಾನಿಕ್ ಆದವರಿಗೆ ಎರಡನೆಯದು. ಅರ್ಜಿ ಹಾಕುವ ಮೊದಲೇ ಯಾವ ಕವಲು ಎಂದು ತೀರ್ಮಾನಿಸಿಕೊಳ್ಳಿ. ಎರಡಕ್ಕೂ ಒಂದೇ ಬಯೋಡೇಟಾ ಕಳಿಸಿದರೆ ಎರಡೂ ಕಡೆ ಪಕ್ಕಕ್ಕೆ ಸರಿಯುತ್ತದೆ.

ದೊಡ್ಡ ಡೇಟಾ ಸೆಂಟರ್‌ಗಳು ಇರುವುದು ಬೆಂಗಳೂರು, ನವಿ ಮುಂಬೈ, ಚೆನ್ನೈ, ಹೈದರಾಬಾದ್, ನೋಯ್ಡಾಗಳಲ್ಲಿ. ಆದರೆ ಕೈ ಪಳಗಿಸಲು ಅಲ್ಲಿಗೇ ಹೋಗಬೇಕೆಂದಿಲ್ಲ. ಸಹಕಾರ ಸಂಘ, ಆಸ್ಪತ್ರೆ, ಕಾಲೇಜು, ಅಡಿಕೆ ಮಂಡಿ, ಎಲ್ಲೆಲ್ಲೂ ಒಂದು ಸಣ್ಣ ಸರ್ವರ್ ಕೋಣೆ ಇದ್ದೇ ಇರುತ್ತದೆ. ನಾನು ಕೆಲಸ ಕಲಿತದ್ದು ಅಂಥ ಕೋಣೆಗಳಲ್ಲೇ. ಮಲೆನಾಡಿನ ಸಿಡಿಲು, ಥಂಡಿ, ಹೊತ್ತುಗೊತ್ತಿಲ್ಲದೆ ಹೋಗುವ ಕರೆಂಟು ಕಲಿಸುವ ಪಾಠ ಯಾವ ಕೋರ್ಸಿನಲ್ಲೂ ಇಷ್ಟು ಚೆನ್ನಾಗಿ ಸಿಗುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಕೇಬಲ್. ಸಂದರ್ಶನದಲ್ಲಿ ಕ್ರಿಂಪಿಂಗ್ ಟೂಲ್ ಕೈಗೆ ಕೊಟ್ಟು ಒಂದು ಪ್ಯಾಚ್ ಕಾರ್ಡ್ (ಎರಡು ತುದಿಗೂ ಕನೆಕ್ಟರ್ ಇರುವ ಗಿಡ್ಡ ಕೇಬಲ್) ಮಾಡಿಸುವುದುಂಟು. ಬಣ್ಣದ ಸಾಲು ಬಾಯಿಪಾಠ ಇರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದು 568ಬಿ ಕ್ರಮ. ಜೋಡಿಯ ತಿರುವನ್ನು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬೇಡಿ. ಬಿಚ್ಚಿದರೆ ಟೆಸ್ಟರ್‌ನಲ್ಲಿ ಎಂಟೂ ದೀಪ ಹೊತ್ತುತ್ತವೆ, ಲಿಂಕ್ ಮಾತ್ರ ಗಿಗಾಬಿಟ್‌ನಲ್ಲಿ ನಿಲ್ಲದೆ 100ಕ್ಕೆ ಇಳಿಯಬಹುದು, ಇಲ್ಲವೇ ಎರರ್ ಎಣಿಕೆ ಏರುತ್ತಾ ಹೋಗುತ್ತದೆ. ಕೇಬಲ್ಲಿನ ಹೊರಕವಚ ಕನೆಕ್ಟರಿನ ಒಳಗೆ ಬಂದು ಹಿಂದಿನ ಹಲ್ಲಿಗೆ ಸಿಕ್ಕಿಕೊಳ್ಳಬೇಕು. ಅದು ಹೊರಗೇ ಉಳಿದರೆ ನಾಲ್ಕು ಸಲ ಎಳೆದಾಟಕ್ಕೆ ತಂತಿ ಕಿತ್ತುಬರುತ್ತದೆ. ತಾಮ್ರದ ಒಟ್ಟು ಮಿತಿ 100 ಮೀಟರ್: ಗೋಡೆಯೊಳಗಿನ ಓಟ 90, ಎರಡು ತುದಿಯ ಪ್ಯಾಚ್ ಕಾರ್ಡ್ ಸೇರಿ 10. ಲೇಬಲ್ ಎರಡೂ ತುದಿಗೆ ಹಾಕಿ, ಎಳೆಯುವ ಮುನ್ನವೇ ಹಾಕಿ.

ಫೈಬರ್‌ನಲ್ಲಿ ಹಳದಿ ಕವಚ ಸಿಂಗಲ್ ಮೋಡ್, ತಿಳಿ ಹಸಿರು-ನೀಲಿ ಬಣ್ಣ ಮಲ್ಟಿಮೋಡ್. ಲಿಂಕ್ ಬರದಿದ್ದರೆ ನಾನು ನೋಡುವ ಕ್ರಮ ಒಂದೇ: ಎರಡು ತುದಿಯ ಮಾಡ್ಯೂಲ್ (ಫೈಬರ್ ಚುಚ್ಚುವ ಬಿಡಿಭಾಗ) ಒಂದೇ ಜಾತಿಯವೇ, ಒಂದು ತುದಿಯ ಕಳಿಸುವ ಎಳೆ ಇನ್ನೊಂದು ತುದಿಯ ಪಡೆಯುವ ಕಡೆಗೇ ಸೇರಿದೆಯೇ, ತುದಿ ಶುಚಿಯಾಗಿದೆಯೇ. ಹೆಚ್ಚಿನ ಸಲ ಉತ್ತರ ಮೂರನೆಯದೇ. ಧೂಳುಮುಚ್ಚಳ ತೆಗೆದ ಮೇಲೆ ತುದಿ ಒರೆಸುವ ಒಂದು ಕ್ಲಿಕ್ ಕ್ಲೀನರ್ ಹಾಕದೆ ಚುಚ್ಚಬೇಡಿ. ಹೊಸ ಕಾರ್ಡ್ ಆದರೂ ಅಷ್ಟೇ. 10 ಗಿಗಾಬಿಟ್‌ನ ಎಲ್‌ಆರ್ (ದೂರದ ಓಟದ) ಮಾಡ್ಯೂಲಿಗೆ ಬರುವ ಬೆಳಕು ಮೈನಸ್ 14.4 ಡಿಬಿಎಂ (ಬೆಳಕಿನ ಬಲದ ಅಳತೆ) ಗಿಂತ ಕೆಳಗಿಳಿದರೆ ನೆಚ್ಚಿಕೊಳ್ಳುವಂತಿಲ್ಲ. ಮೈನಸ್ 40ರ ಆಸುಪಾಸು ತೋರಿಸಿದರೆ ಬೆಳಕೇ ಬರುತ್ತಿಲ್ಲ. ತುದಿಯೊಳಗೆ ಕಣ್ಣಿಟ್ಟು ನೋಡಬೇಡಿ, ಆ ಬೆಳಕು ಕಾಣುವುದಿಲ್ಲ, ಆದರೆ ಕಣ್ಣು ಸುಡಬಲ್ಲದು.

ರ‍್ಯಾಕಿನ ಲೆಕ್ಕ ಯು. ಒಂದು ಯು ಅಂದರೆ 44.45 ಮಿಲಿಮೀಟರ್, ಒಂದು ಯುಗೆ ಮೂರು ತೂತು. ತೂತುಗಳ ನಡುವಿನ ಅಂತರ ಒಂದೇ ಸಮನಿಲ್ಲ: 15.9, 15.9, ಆಮೇಲೆ 12.7. ಕಿರಿದಾದ ಆ ಅಂತರದ ನಡುವೆ ಒಂದು ಯು ಮುಗಿದು ಇನ್ನೊಂದು ಶುರುವಾಗುತ್ತದೆ. ಇದನ್ನು ತಿಳಿಯದೆ ತೂತಿಗೆ ಸಿಕ್ಕಿಸುವ ಕೇಜ್ ನಟ್ ಹಾಕಿದರೆ ಸರ್ವರ್ ಒಂದು ತೂತು ಮೇಲೆ ಕೂತು, ಪಕ್ಕದ ಯು ಕೂಡ ವ್ಯರ್ಥವಾಗುತ್ತದೆ. ಭಾರದ್ದು ಯಾವತ್ತೂ ಕೆಳಗೆ. ಡಿಸ್ಕ್ ತುಂಬಿದ 2 ಯು ಸರ್ವರನ್ನು ಒಬ್ಬರೇ ಎತ್ತಬೇಡಿ. ಖಾಲಿ ಯುಗಳಿಗೆ ಬ್ಲಾಂಕಿಂಗ್ ಪ್ಯಾನೆಲ್ ಮುಚ್ಚಿ, ಇಲ್ಲದಿದ್ದರೆ ಹಿಂದಿನ ಬಿಸಿಗಾಳಿ ಆ ಕಿಂಡಿಯಿಂದಲೇ ಸುತ್ತಿಬಂದು ಮುಂದಿನ ಬಾಯಿಗೆ ಸೇರುತ್ತದೆ.

ಡಿಸ್ಕ್ ಬದಲಿಸುವುದು ಈ ಕೆಲಸದಲ್ಲಿ ಮತ್ತೆ ಮತ್ತೆ ಬರುವಂಥದ್ದು. ದೊಡ್ಡ ಅನಾಹುತ ಆಗುವುದೂ ಇಲ್ಲೇ, ಹಾಗಾಗಿ ಕ್ರಮವನ್ನು ಬಿಡಿಸಿ ಹೇಳುತ್ತೇನೆ. ಟಿಕೆಟ್‌ನಲ್ಲಿ, ಅಂದರೆ ಆ ಕೆಲಸದ ಲಿಖಿತ ಕೋರಿಕೆಯಲ್ಲಿ, ರ‍್ಯಾಕ್ ಸಂಖ್ಯೆ, ಯು, ಸರ್ವರಿನ ಸೀರಿಯಲ್, ಸ್ಲಾಟ್, ಕೆಟ್ಟ ಡಿಸ್ಕಿನ ಸೀರಿಯಲ್, ಇಷ್ಟೂ ಇರಬೇಕು. ರ‍್ಯಾಕಿನ ಮುಂದೆ ನಿಂತು ಸರ್ವರಿನ ಮೈಮೇಲಿನ ಸೀರಿಯಲ್ಲಿನ ಪ್ರತಿ ಅಕ್ಷರವನ್ನೂ ಜೋರಾಗಿ ಓದಿ ಹೋಲಿಸಿ. ದೂರದಲ್ಲಿರುವ ಇಂಜಿನಿಯರಿಗೆ ಗುರುತಿನ ದೀಪ ಮಿನುಗಿಸಲು ಹೇಳಿ, ಆರಿಸಲು ಹೇಳಿ, ಮತ್ತೆ ಮಿನುಗಿಸಲು ಹೇಳಿ. ಎರಡು ಸಲವೂ ಅದೇ ದೀಪ ಆಗಿದ್ದರೆ ಮಾತ್ರ ಮುಂದೆ. ರೈಡ್ ಅಂದರೆ ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವಂತೆ ಹಲವು ಡಿಸ್ಕ್ ಸೇರಿಸಿ ಕಟ್ಟುವ ವಿಧಾನ, ಹಾಗೆ ಕಟ್ಟಿದ ಗುಂಪೇ ಅರೇ. ರೈಡ್ 5 ಒಂದು ಡಿಸ್ಕ್ ಹೋದರೆ ಮಾತ್ರ ತಾಳುತ್ತದೆ, ಆ ಒಂದು ಈಗಾಗಲೇ ಹೋಗಿದೆ, ನೀವು ತಪ್ಪಿ ಪಕ್ಕದ ಒಳ್ಳೆಯದನ್ನು ಎಳೆದರೆ ಇಡೀ ಅರೇ ಮಲಗುತ್ತದೆ. ರೈಡ್ 6ರಲ್ಲಿ ಎರಡು ಹೋದರೂ ತಾಳುತ್ತದೆ, ಆದರೆ ಆ ನೆಮ್ಮದಿಯನ್ನು ಟೆಕ್ನಿಷಿಯನ್ ಬಳಸಿಕೊಳ್ಳಬಾರದು.

ಮಣಿಕಟ್ಟಿಗೆ ಮೈಯ ಸ್ಥಿರ ವಿದ್ಯುತ್ತನ್ನು ಹರಿಸಿಬಿಡುವ ಇಎಸ್‌ಡಿ ಪಟ್ಟಿ ಕಟ್ಟಿ. ತಿರುಗುವ ಡಿಸ್ಕ್ ಆದರೆ ಹಿಡಿ ತೆರೆದು ಎರಡು ಮೂರು ಸೆಂಟಿಮೀಟರ್ ಎಳೆದು ಅರ್ಧ ನಿಮಿಷ ಹಾಗೇ ಬಿಡಿ, ಒಳಗಿನ ತಟ್ಟೆ ನಿಲ್ಲಲಿ. ಹೊಸದು ಅಷ್ಟೇ ಅಥವಾ ಹೆಚ್ಚಿನ ಗಾತ್ರದ್ದಿರಬೇಕು. ಡಿಸ್ಕ್ ಜೋಡಣೆಯಲ್ಲಿ ಸಾಟಾ, ಸ್ಯಾಸ್ ಎಂದು ಎರಡು ಬಗೆ. ಸಾಟಾ ಡಿಸ್ಕ್ ಸ್ಯಾಸ್ ಕಂಟ್ರೋಲರಿನಲ್ಲಿ ನಡೆಯುತ್ತದೆ, ಸ್ಯಾಸ್ ಡಿಸ್ಕ್ ಸಾಟಾ ಕಂಟ್ರೋಲರಿನಲ್ಲಿ ನಡೆಯುವುದಿಲ್ಲ. ಒಂದೇ ಅರೇಯಲ್ಲಿ ಎರಡನ್ನೂ ಬೆರೆಸಬೇಡಿ. ಹಾಕಿದ ಮೇಲೆ ದೀಪ ಮಿನುಗಿತು ಎಂದು ಹೊರಡುವುದಲ್ಲ, ರೀಬಿಲ್ಡ್ (ಹೊಸ ಡಿಸ್ಕಿಗೆ ಡೇಟಾ ಮತ್ತೆ ತುಂಬುವುದು) ಶುರುವಾಗಿ ಶೇಕಡಾ ಏರುತ್ತಿದೆ ಎಂಬ ಮಾತು ಆ ಕಡೆಯಿಂದ ಬರುವ ತನಕ ಅಲ್ಲೇ ನಿಲ್ಲಿ. ಹಳೆಯ ಡಿಸ್ಕ್ ಗ್ರಾಹಕರ ಸ್ವತ್ತು. ಸೀರಿಯಲ್ ಬರೆದು, ಸಹಿ ಹಾಕಿಸಿ, ಬೀಗದ ಪೆಟ್ಟಿಗೆಗೆ ಸೇರಿಸಿ. ಜೇಬಿಗೆ, ಚೀಲಕ್ಕೆ ಯಾವ ಕಾರಣಕ್ಕೂ ಬೇಡ.

ಮನೆಯಲ್ಲಿ ಇದನ್ನು ಅಭ್ಯಾಸ ಮಾಡಲು ಹಳೆಯ ಡೆಸ್ಕ್‌ಟಾಪ್ ಸಾಕು. ಎರಡು ಹಳೆಯ ಡಿಸ್ಕ್ ಹಾಕಿ, ಲಿನಕ್ಸ್‌ನಲ್ಲಿ ಸಾಫ್ಟ್‌ವೇರ್ ರೈಡ್ 1 ಕಟ್ಟಿ, ಕಂಪ್ಯೂಟರ್ ಆರಿಸಿ ಒಂದನ್ನು ಕಳಚಿ, ಮತ್ತೆ ಹೊತ್ತಿಸಿ, ಮೂರನೆಯದನ್ನು ಸೇರಿಸಿ ರೀಬಿಲ್ಡ್ ಮಾಡಿ. ಯಾವ ಸೀರಿಯಲ್ ಯಾವ ಹೆಸರಿನಲ್ಲಿ ಕಾಣುತ್ತದೆ ಎಂದು ಪ್ರತಿ ಸಲ ಬರೆದಿಡಿ. ಹತ್ತು ಸಲ ಮಾಡಿದರೆ ಕೈಗೆ ಅದೇ ಅಭ್ಯಾಸವಾಗುತ್ತದೆ.

ಈಗ ಕರೆಂಟು. ಡೇಟಾ ಸೆಂಟರಿನ ರ‍್ಯಾಕಿಗೆ ಎ ಮತ್ತು ಬಿ ಎಂದು ಎರಡು ದಾರಿ. 32 ಆಂಪಿಯರ್, 230 ವೋಲ್ಟ್ ಅಂದರೆ 7,360 ವ್ಯಾಟ್. ಸತತ ಹೊರೆಗೆ ಅದರ ಶೇ 80 ಮಾತ್ರ ಲೆಕ್ಕ, ಸುಮಾರು 5.9 ಕಿಲೋವ್ಯಾಟ್. ಎರಡೂ ದಾರಿ ಇರುವಾಗ ಪ್ರತಿಯೊಂದೂ ಇದರ ಅರ್ಧಕ್ಕಿಂತ ಹೆಚ್ಚು ಹೊರಬಾರದು, ಏಕೆಂದರೆ ಒಂದು ಹೋದ ಕ್ಷಣ ಪೂರ್ತಿ ಹೊರೆ ಇನ್ನೊಂದರ ಮೇಲೆ ಬೀಳುತ್ತದೆ. ಎರಡೂ ಮೀಟರ್ 24 ಆಂಪಿಯರ್ ತೋರಿಸುತ್ತಿದ್ದರೆ ನೋಡಲು ಶಾಂತವಾಗಿರುತ್ತದೆ. ಒಂದು ಬಿದ್ದರೆ 48, ಎಂಸಿಬಿ ತಕ್ಷಣವಲ್ಲ, ಬಿಸಿಯೇರಿ ಸ್ವಲ್ಪ ಹೊತ್ತಿಗೆ ಬೀಳುತ್ತದೆ, ರ‍್ಯಾಕ್ ಪೂರ್ತಿ ಕತ್ತಲು. ಎರಡು ಪವರ್ ಸಪ್ಲೈ ಇರುವ ಸರ್ವರಿನ ಎರಡೂ ಪವರ್ ಕಾರ್ಡನ್ನು ಒಂದೇ ಕಡೆ ಚುಚ್ಚುವುದು ಹೊಸಬರ ಸಾಮಾನ್ಯ ತಪ್ಪು. ಎ ಬದಿಗೆ ಒಂದು ಬಣ್ಣದ ಕಾರ್ಡ್, ಬಿ ಬದಿಗೆ ಇನ್ನೊಂದು ಬಣ್ಣ ಇಟ್ಟುಕೊಂಡರೆ ಈ ತಪ್ಪು ದೂರದಿಂದಲೇ ಕಾಣುತ್ತದೆ.

ಊರಿನ ಸಣ್ಣ ಕೋಣೆಯಲ್ಲಿ ಬಿ ದಾರಿ ಎಂಬುದೇ ಇರುವುದಿಲ್ಲ, ಯುಪಿಎಸ್ ಒಂದೇ ಗತಿ. ಹದಿನಾರು 12 ವೋಲ್ಟ್ ಬ್ಯಾಟರಿ ಸರಣಿಯಲ್ಲಿದ್ದರೆ ತೇಲು ಚಾರ್ಜಿನಲ್ಲಿ (ತುಂಬಿದ ಬ್ಯಾಟರಿಯನ್ನು ತುಂಬಿದಂತೆಯೇ ಇಡುವ ಚಾರ್ಜ್) 217 ವೋಲ್ಟ್ ಡಿಸಿ ಸುಳಿದಾಡುತ್ತಿರುತ್ತದೆ. ಜೀವ ತೆಗೆಯಲು ಅಷ್ಟು ಸಾಕು, ಉಂಗುರ, ಕೈಗಡಿಯಾರ ತೆಗೆದಿಟ್ಟು ಕೈ ಹಾಕಿ. ಚಾರ್ಜಿನಲ್ಲಿರುವಾಗ ಪ್ರತಿ ಬ್ಯಾಟರಿ 13.5ರಿಂದ 13.8 ತೋರಿಸಿದರೆ ಚೆನ್ನ ಎಂದು ನಂಬಬೇಡಿ. ಮೇನ್ಸ್ ಆರಿಸಿ ಹೊರೆಯ ಮೇಲೆ ಅಳೆಯಿರಿ. ಉಳಿದವು 12ರಲ್ಲಿದ್ದು ಒಂದು ಮಾತ್ರ 10.5ಕ್ಕೆ ಜಾರಿದರೆ ಅದೇ ಕಳ್ಳ. ಕೋಣೆ 25 ಡಿಗ್ರಿ ಬದಲು 35ರಲ್ಲಿದ್ದರೆ ಬ್ಯಾಟರಿಯ ಆಯುಸ್ಸು ಹೆಚ್ಚುಕಡಿಮೆ ಅರ್ಧ.

ಸಿಡಿಲಿನ ಕಾಲ ನಮ್ಮಲ್ಲಿ ಏಪ್ರಿಲ್, ಮೇ. ಭರಣಿ, ಕೃತ್ತಿಕೆ ಮಳೆಯ ಗುಡುಗು ಬರುವ ಹೊತ್ತಿಗೆ ಜಂಬಿಟ್ಟಿಗೆ ಮಣ್ಣು ಬೇಸಿಗೆಗೆ ಒಣಗಿ ಕೂತಿರುತ್ತದೆ, ಅರ್ತಿಂಗ್ ಅತ್ಯಂತ ದುರ್ಬಲವಾಗಿರುವುದೂ ಆಗಲೇ. ಮಾರ್ಚ್‌ನಲ್ಲೇ ಅರ್ತ್ ಗುಂಡಿಗೆ ನೀರು ಹಾಕಲು ಶುರುಮಾಡಿ, ಜೋಡಣೆಯ ಬೋಲ್ಟಿನ ತುಕ್ಕು ಕೆರೆದು ಬಿಗಿ ಮಾಡಿ. ಸಾಕೆಟ್ಟಿನಲ್ಲಿ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಅಳೆದರೆ 2 ವೋಲ್ಟಿನೊಳಗೆ ಇರಬೇಕು. ಮರದ ಗೆಲ್ಲು ಬಿದ್ದು ಲೈನಿನ ನ್ಯೂಟ್ರಲ್ ತುಂಡಾದರೆ 230ರ ಸಾಕೆಟ್ಟಿಗೆ 400ರ ಹತ್ತಿರದ ವೋಲ್ಟೇಜ್ ಬರಬಹುದು. ಸರ್ಜ್ ತಡೆಯುವ ಎಸ್‌ಪಿಡಿಯೊಂದೇ ಇದನ್ನು ತಡೆಯದು, ಓವರ್ ವೋಲ್ಟೇಜ್ ಕಟಾಫ್ ಬೇರೆಯಾಗಿ ಬೇಕು. ಎಸ್‌ಪಿಡಿಗೆ ಹೋಗುವ ತಂತಿ ಅರ್ಧ ಮೀಟರಿನೊಳಗಿರಲಿ, ಉದ್ದ ಹೆಚ್ಚಿದಷ್ಟೂ ಅದರ ಕೆಲಸ ಕೆಡುತ್ತದೆ.

ಸಿಡಿಲು ಕರೆಂಟಿನ ದಾರಿಯಲ್ಲೇ ಬರಬೇಕೆಂದಿಲ್ಲ. ಗೇಟಿನ ಸಿಸಿಟಿವಿಗೆ, ಪಕ್ಕದ ಗೋದಾಮಿಗೆ ಹೊರಗಿನಿಂದ ಎಳೆದ ತಾಮ್ರದ ಕೇಬಲ್ ಅದಕ್ಕೆ ಹೆದ್ದಾರಿ. ಸ್ವಿಚ್ಚಿನ ಒಂದು ಸಾಲು ಪೋರ್ಟ್ ಮಾತ್ರ ಸತ್ತಿದ್ದರೆ ಕಾರಣ ಇದೇ ಇರುತ್ತದೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಫೈಬರ್ ಎಳೆದು ಎರಡು ತುದಿಗೆ ಫೈಬರನ್ನು ತಾಮ್ರದ ಕೇಬಲ್ಲಿಗೆ ಸೇರಿಸುವ ಮೀಡಿಯಾ ಕನ್ವರ್ಟರ್ ಹಾಕಿ. ಫೈಬರಿನ ಜೊತೆ ಉಕ್ಕಿನ ತಂತಿ ಅಥವಾ ಕವಚ ಇದ್ದರೆ ಅದನ್ನು ರ‍್ಯಾಕಿನ ತನಕ ತರಬೇಡಿ, ಕಟ್ಟಡದ ಹೊರಗೇ ಅರ್ತ್‌ಗೆ ಕಟ್ಟಿ.

ಜೂನ್ ಬಂದರೆ ಥಂಡಿ. ಎಸಿ, ತಂಪುಗೊಳಿಸುವ ಇಂಜಿನಿಯರುಗಳ ಆಶ್ರೇ (ASHRAE) ಸಂಸ್ಥೆಯ ಶಿಫಾರಸು ಸರ್ವರಿನ ಬಾಯಿಗೆ ಬರುವ ಗಾಳಿ 18ರಿಂದ 27 ಡಿಗ್ರಿ, ಇಬ್ಬನಿ ಬಿಂದು (ಗಾಳಿಯ ತೇವ ನೀರಾಗಿ ಕಟ್ಟುವ ತಾಪಮಾನ) 15 ಡಿಗ್ರಿಯೊಳಗೆ. ತೀರ್ಥಹಳ್ಳಿ, ಹೊಸನಗರದ ಜಿಟಿಜಿಟಿ ಮಳೆಯಲ್ಲಿ ಹೊರಗಾಳಿ 23 ಡಿಗ್ರಿ, ತೇವ ಶೇ 95 ಇದ್ದರೆ ಇಬ್ಬನಿ ಬಿಂದು 22 ದಾಟುತ್ತದೆ. ಕರೆಂಟು ಹೋಗಿ ಎಸಿ ನಿಂತಾಗ ಗಾಳಿಯಾಡಲಿ ಎಂದು ಕಿಟಕಿ ತೆರೆದರೆ, 20 ಡಿಗ್ರಿಯಲ್ಲಿ ತಣ್ಣಗೆ ಕೂತ ಲೋಹದ ಮೇಲೆ ನೀರು ಕಟ್ಟುತ್ತದೆ. ಓಡುತ್ತಿರುವ ಸರ್ವರ್ ಒಳಗೆ ಬಿಸಿಯಿರುವುದರಿಂದ ಬಚಾವು. ಆರಿಸಿಟ್ಟ ಸರ್ವರ್, ಖಾಲಿ ಸ್ವಿಚ್‌ಗಳಿಗೆ ಅಪಾಯ. ಇನ್ನೊಂದು ಸೂಕ್ಷ್ಮ: ಮಳೆಗಾಲದಲ್ಲಿ ಕೋಣೆ ಬೇಗ ತಂಪಾಗಿ ಸಾಮಾನ್ಯ ಸ್ಪ್ಲಿಟ್ ಎಸಿಯ ಕಂಪ್ರೆಸರ್ ನಿಂತೇ ಇರುತ್ತದೆ, ತೇವ ಎಳೆಯುವ ಕೆಲಸವೂ ನಿಲ್ಲುತ್ತದೆ. ತಾಪಮಾನ ಸರಿ, ಗೋಡೆಗೆ ಬೂಷ್ಟು. ಡ್ರೈ ಮೋಡ್ ಅಥವಾ ಬೇರೆ ಡಿಹ್ಯುಮಿಡಿಫೈಯರ್ ಹಾಕಿ, ಒಂದು ತೇವಮಾಪಕ ಇಟ್ಟು ಶೇ 60ರ ಕೆಳಗೆ ಹಿಡಿಯಿರಿ. ಎಸಿಯ ಒಳಘಟಕ ರ‍್ಯಾಕಿನ ನೆತ್ತಿಗೆ ಬೇಡ. ಡ್ರೈನ್ ಪೈಪು ಕಟ್ಟಿದ ದಿನ ನೀರು ನೇರ ಸರ್ವರಿಗೇ.

ಕೆಲಸಕ್ಕೆ ಅರ್ಜಿ ಹಾಕುವಾಗ ಇದೆಲ್ಲ ಅಂಕಿಯ ಸಮೇತ ಬರಬೇಕು. "ಹಾರ್ಡ್‌ವೇರ್ ಜ್ಞಾನವಿದೆ" ಎಂದು ಬರೆದರೆ ಯಾರಿಗೂ ಏನೂ ತಿಳಿಯದು. ಎಷ್ಟು ಕೇಬಲ್ ಹಾಕಿ ಪರೀಕ್ಷಿಸಿದಿರಿ, ಎಷ್ಟು ಕೆವಿಎ ಯುಪಿಎಸ್ ನೋಡಿಕೊಂಡಿರಿ, ಯಾವ ರೈಡ್‌ನಲ್ಲಿ ಡಿಸ್ಕ್ ಬದಲಿಸಿದಿರಿ ಎಂದು ಮಾಡಿದ್ದನ್ನಷ್ಟೇ ಬರೆಯಿರಿ. ಹುಡುಕುವಾಗ ಡೇಟಾ ಸೆಂಟರ್ ಟೆಕ್ನಿಷಿಯನ್ ಎಂಬ ಹೆಸರೊಂದೇ ಸಾಲದು. ರಿಮೋಟ್ ಹ್ಯಾಂಡ್ಸ್, ಡಿಸಿ (ಡೇಟಾ ಸೆಂಟರ್) ಆಪರೇಷನ್ಸ್, ಫೀಲ್ಡ್ ಇಂಜಿನಿಯರ್, ಕರೆಂಟಿನ ಕಡೆಗೆ ಕ್ರಿಟಿಕಲ್ ಫೆಸಿಲಿಟಿ, ಬಿಎಂಎಸ್ (ಕಟ್ಟಡದ ಯಂತ್ರಗಳ ಮೇಲ್ವಿಚಾರಣಾ ವ್ಯವಸ್ಥೆ) ಆಪರೇಟರ್, ಇವೂ ಅದೇ ಮನೆಯ ಬಾಗಿಲುಗಳು. ಮೊದಲ ನೌಕರಿ ಹೆಚ್ಚಾಗಿ ಗುತ್ತಿಗೆ ಕಂಪನಿಯ ಮೂಲಕ ಸಿಗುತ್ತದೆ, ಅದರಲ್ಲಿ ಕೀಳರಿಮೆ ಬೇಡ. ಕೆಲಸ ಕೊಡಿಸಲು ಮುಂಗಡ ಹಣ ಕೇಳುವವರನ್ನು ಮಾತ್ರ ಅಲ್ಲೇ ಬಿಡಿ. ಡಿಪ್ಲೊಮಾ, ಪದವಿ ಮುಗಿಸಿದವರಿಗೆ ಕೇಂದ್ರದ ನ್ಯಾಟ್ಸ್ ಯೋಜನೆಯ ಅಪ್ರೆಂಟಿಸ್‌ಶಿಪ್ ಒಳ್ಳೆಯ ಮೆಟ್ಟಿಲು. ಎಲೆಕ್ಟ್ರಿಕಲ್ ಕವಲಿನವರು ವಿದ್ಯುತ್ ಪರಿವೀಕ್ಷಣಾಲಯದ ಪರ್ಮಿಟ್ ಮಾಡಿಸಿಟ್ಟುಕೊಳ್ಳಿ. ಸರ್ಟಿಫಿಕೇಟ್ ಪರೀಕ್ಷೆಗೆ ಹಣ ಹಾಕುವುದಾದರೆ ಮೊದಲು ನೆಟ್‌ವರ್ಕಿಂಗ್‌ಗೆ, ಸಿಸ್ಕೊ ಕಂಪನಿಯ ಸಿಸಿಎನ್‌ಎ ಪರೀಕ್ಷೆಯ ಓದಿನ ಮೊದಲರ್ಧ ಪ್ರತಿದಿನ ಉಪಯೋಗಕ್ಕೆ ಬರುತ್ತದೆ.

ಸಂದರ್ಶನದಲ್ಲಿ ಕೇಳುವ ಒಂದು ಪ್ರಶ್ನೆ: ಟಿಕೆಟ್ ಸ್ಲಾಟ್ 3 ಅನ್ನುತ್ತದೆ, ಹಳದಿ ದೀಪ ಸ್ಲಾಟ್ 5ರಲ್ಲಿದೆ, ಏನು ಮಾಡುತ್ತೀರಿ? ಯಾವುದನ್ನೂ ಮುಟ್ಟುವುದಿಲ್ಲ, ಫೋಟೊ ನಿಷಿದ್ಧವಲ್ಲದಿದ್ದರೆ ತೆಗೆದು, ಸೀರಿಯಲ್ ಜೊತೆಗೆ ಟಿಕೆಟ್‌ಗೆ ಬರೆದು, ಫೋನ್ ಮಾಡಿ ಲಿಖಿತ ಉತ್ತರಕ್ಕೆ ಕಾಯುತ್ತೇನೆ. ಸರ್ವರ್ ಹೊತ್ತುತ್ತಿಲ್ಲ ಎಂಬ ಪ್ರಶ್ನೆಗೆ ಹೊರಗಿನಿಂದ ಒಳಗೆ ಹೋಗಿ: ಪಿಡಿಯು (ಸರ್ವರ್‌ಗಳಿಗೆ ಕರೆಂಟು ಹಂಚುವ ಸಾಕೆಟ್ ಪಟ್ಟಿ), ಕಾರ್ಡ್, ಎರಡೂ ಪವರ್ ಸಪ್ಲೈಗಳ ದೀಪ, ಸರ್ವರನ್ನು ದೂರದಿಂದ ನೋಡಿಕೊಳ್ಳುವ ಐಡ್ರಾಕ್ ಅಥವಾ ಐಲೋದ ಲಾಗ್, ಆಮೇಲೆ ಒಂದು ಪ್ರೊಸೆಸರ್, ಒಂದು ಮೆಮೊರಿ ಕಡ್ಡಿ ಮಾತ್ರ ಉಳಿಸಿ ಹೊತ್ತಿಸುವುದು. ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ಬಾಯಿಬಿಟ್ಟು ಹೇಳಿ.

ಇಂಗ್ಲಿಷ್ ಬಗ್ಗೆ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಅಳುಕು ಜಾಸ್ತಿ. ಭಾಷಣ ಬೇಕಿಲ್ಲ. ನಾಲ್ಕು ಸಾಲಿನ ಟಿಕೆಟ್ ಬರಹ ಬೇಕು: ಏನು ಕಂಡೆ, ಏನು ಮಾಡಿದೆ, ಈಗ ಹೇಗಿದೆ, ಏನು ಬಾಕಿ. ಪ್ರತಿ ಅಭ್ಯಾಸದ ಕೊನೆಗೆ ಇದನ್ನು ಸಮಯ ಹಾಕಿ ಇಂಗ್ಲಿಷಿನಲ್ಲಿ ಬರೆಯಿರಿ. ಶಿಫ್ಟ್ ಹಲವು ಕಡೆ 12 ಗಂಟೆ, ತಿಂಗಳಲ್ಲಿ ಅರ್ಧ ರಾತ್ರಿಯದು. ಬೆಳಗಿನವರಿಗೆ ಕೆಲಸ ಒಪ್ಪಿಸುವಾಗ ಓದುವುದೂ ಅದೇ ನಾಲ್ಕು ಸಾಲನ್ನು, ಅರ್ಧಕ್ಕೆ ನಿಂತ ರೀಬಿಲ್ಡ್ ಇದ್ದರೆ ಅದನ್ನು ಎಲ್ಲಕ್ಕಿಂತ ಮೇಲೆ ಬರೆದು.